ಐದು ನಕ್ಷತ್ರದ ಲೆಕ್ಕ, ಹತ್ತು ರೂಪಾಯಿಯ ಮರ್ಯಾದೆ

ಕಳೆದ ಮಳೆಗಾಲದ ಒಂದು ಸಂಜೆ. ಮಲ್ಲೇಶ್ವರದಲ್ಲಿ ನೆಂಟರ ಮನೆಯ ಆರತಕ್ಷತೆ ಮುಗಿಸಿಕೊಂಡು ನಾನೂ ಮಗಳೂ ಬನಶಂಕರಿಗೆ ಹೊರಟಿದ್ದೆವು. ಮೊಬೈಲಿನಲ್ಲಿ ಕರೆದ ಕಾರು ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಮೆಜೆಸ್ಟಿಕ್ ದಾಟುವುದರೊಳಗೆ ರಸ್ತೆ ಹೊಳೆಯಾಗಿತ್ತು. ಮುಕ್ಕಾಲು ಗಂಟೆಯ ದಾರಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಚಾಲಕರು ಐವತ್ತರ ಆಸುಪಾಸಿನವರು. ದಾರಿಯುದ್ದಕ್ಕೂ ಮಾತಿಲ್ಲ, ಗೊಣಗಾಟವೂ ಇಲ್ಲ. ಮನೆ ಮುಂದೆ ನಿಲ್ಲಿಸಿದವರು, 'ತಡೀರಿ ಮೇಡಂ, ಇಲ್ಲಿ ನೀರು ನಿಂತಿದೆ' ಎಂದು ಕಾರನ್ನು ಎರಡು ಮಾರು ಮುಂದೆ ತಂದು ಒಣ ಜಾಗದಲ್ಲಿ ಇಳಿಸಿದರು. ಬಾಡಿಗೆ ಮಾತ್ರ ಹತ್ತುವಾಗ ತೋರಿಸಿದ್ದಷ್ಟೇ.

ಮೆಟ್ಟಿಲು ಹತ್ತುತ್ತಲೇ ಮಗಳ ಹೆಬ್ಬೆರಳು ಫೋನಿನ ಮೇಲೆ ಆಡಿತು. ಇಣುಕಿ ನೋಡಿದೆ. ಐದರಲ್ಲಿ ಎರಡು ನಕ್ಷತ್ರ!

'ಯಾಕಮ್ಮ, ಎರಡೇ?'

'ಎಷ್ಟು ಲೇಟಾಯ್ತು ನೋಡಿ. ಎಸಿ ಬೇರೆ ಹಾಕಲಿಲ್ಲ.'

'ಮಳೆ ಬಂದದ್ದು ಅವರ ತಪ್ಪೇ? ಎಸಿ ಹಾಕಿ ಅಂತ ನೀನಾದರೂ ಕೇಳಿದೆಯಾ?'

'ಅಯ್ಯೋ ಅಪ್ಪ, ಎರಡು ಸೆಕೆಂಡಿನ ಕೆಲಸ. ಅದಕ್ಕೆಲ್ಲ ಯಾರು ಇಷ್ಟು ಯೋಚನೆ ಮಾಡ್ತಾರೆ!'

ನಾನು ಸುಮ್ಮನಾದೆ. ಅದೇ ವಾರದ ಕೊನೆಗೆ ಅವಳು ಕಾಲೇಜಿನಿಂದ ಮುಖ ಸಣ್ಣದು ಮಾಡಿಕೊಂಡು ಬಂದಳು. ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂದಿತ್ತು. ಕೇಳಿದರೆ ಮೇಷ್ಟರು ಕಾರಣ ಹೇಳಲಿಲ್ಲವಂತೆ. 'ಕಮ್ಮಿ ಕೊಡಲಿ ಅಪ್ಪ, ಆದರೆ ಯಾಕೆ ಅಂತನಾದರೂ ಹೇಳಬೇಕಲ್ವಾ?' ಎಂದು ಕಣ್ಣು ತುಂಬಿಕೊಂಡಳು. ನನಗೆ ಥಟ್ಟನೆ ಆ ಮಳೆಯ ಸಂಜೆ ನೆನಪಾಯಿತು. ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ತಡೆದು, ಕೊನೆಗೆ ಹೇಳಿಯೇಬಿಟ್ಟೆ. ಅವಳು ಉತ್ತರ ಕೊಡಲಿಲ್ಲ. ಈ ಬರಹ ಹುಟ್ಟಿದ್ದು ಆ ಮೌನದಿಂದ.

ನಂಬಿಕೆಗೊಂದು ಅಂಕ

ಮೊದಲು ನಮಗೆ ಗೊತ್ತಿದ್ದದ್ದು ಆಟೋ ಸ್ಟ್ಯಾಂಡು. ಅಲ್ಲಿಯ ಚಾಲಕರಿಗೆ ನಮ್ಮ ಮನೆ ಗೊತ್ತು, ನಮಗೆ ಅವರ ಮುಖ ಗೊತ್ತು. ಆಟೋದ ಬೆನ್ನ ಮೇಲೆ ಶಂಕರ್‌ನಾಗ್ ಚಿತ್ರ. 1980ರಲ್ಲಿ 'ಆಟೋ ರಾಜ' ಬಂದ ಮೇಲೆ ಅವರು ಚಾಲಕರ ಮನೆಯವರೇ ಆಗಿಹೋದರು. ಜಗಳವಾದರೂ ಮಾರನೆಯ ದಿನ ಅದೇ ಸ್ಟ್ಯಾಂಡಿಗೆ ಹೋಗಬೇಕಾದ್ದರಿಂದ ಇಬ್ಬರೂ ಒಂದು ಅಳತೆ ಮೀರುತ್ತಿರಲಿಲ್ಲ.

ಮೊಬೈಲ್ ಟ್ಯಾಕ್ಸಿಗಳು ಬಂದ ಮೇಲೆ ಈ ಪರಿಚಯ ತಪ್ಪಿತು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 2009ರಲ್ಲಿ ಹುಟ್ಟಿದ ಊಬರ್, ಭಾರತದಲ್ಲಿ ಮೊದಲು ಕಾಲಿಟ್ಟದ್ದು 2013ರಲ್ಲಿ, ನಮ್ಮ ಬೆಂಗಳೂರಿಗೇ. 2010ರಲ್ಲಿ ಮುಂಬೈಯಲ್ಲಿ ಶುರುವಾದ ಓಲಾ ಕೂಡ ಆಮೇಲೆ ಬೆಂಗಳೂರನ್ನೇ ಮನೆ ಮಾಡಿಕೊಂಡಿತು. 2022ರಲ್ಲಿ ಆಟೋ ಚಾಲಕರ ಸಂಘದ ಬೆಂಬಲದೊಂದಿಗೆ 'ನಮ್ಮ ಯಾತ್ರಿ' ಬಂತು. ಹತ್ತುವವರು ಯಾರೋ, ಓಡಿಸುವವರು ಯಾರೋ. ಇಬ್ಬರೂ ಮತ್ತೆ ಭೇಟಿಯಾಗುವ ಸಂಭವ ಕಡಿಮೆ. ಹೀಗಿರುವಾಗ ಒಬ್ಬರನ್ನೊಬ್ಬರು ನಂಬುವುದು ಹೇಗೆ? ಅದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯವೇ ಈ ನಕ್ಷತ್ರ. ಸ್ಟ್ಯಾಂಡಿನ ಹತ್ತು ಜನ ಹೇಳುತ್ತಿದ್ದ 'ಒಳ್ಳೇ ಮನುಷ್ಯ' ಎಂಬ ಮಾತು ಈಗ 4.8 ಎಂಬ ಅಂಕಿಯಾಗಿದೆ.

ನಾಲ್ಕು ಎಂದರೆ ಡಿಸ್ಟಿಂಕ್ಷನ್ ಅಲ್ಲ

ನಮ್ಮ ಮಕ್ಕಳು ಎಡವುವುದು ಇಲ್ಲಿ. ಐದಕ್ಕೆ ನಾಲ್ಕು ಎಂದರೆ ನೂರಕ್ಕೆ ಎಂಬತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಬಂದರೆ ಮನೆಯಲ್ಲಿ ಪೇಡೆ ಹಂಚುತ್ತೇವೆ. 'ಚೆನ್ನಾಗಿತ್ತು, ಆದರೆ ಅಂಥಾದ್ದೇನಿಲ್ಲ' ಎಂದು ನಾಲ್ಕು ಒತ್ತುವವರು ತಾವು ಉದಾರವಾಗಿಯೇ ನಡೆದುಕೊಂಡೆವು ಎಂದುಕೊಳ್ಳುತ್ತಾರೆ. ಆದರೆ ಈ ಪರೀಕ್ಷೆಯಲ್ಲಿ ಹೆಚ್ಚಿನವರು ಐದೇ ಕೊಡುವುದರಿಂದ ಸರಾಸರಿ ನಾಲ್ಕಕ್ಕೆ ಇಳಿದ ಚಾಲಕರು ನಪಾಸಾದಂತೆಯೇ. ಎಷ್ಟಕ್ಕಿಂತ ಕೆಳಗಿಳಿದರೆ ಖಾತೆ ಮುಚ್ಚಬಹುದು ಎಂಬ ಗೆರೆ ಊರಿಂದೂರಿಗೆ, ಕಂಪನಿಯಿಂದ ಕಂಪನಿಗೆ ಬೇರೆ. ಆದರೆ ಗೆರೆ ಇರುವುದಂತೂ ನಿಜ.

ಒಂದು ಸಣ್ಣ ಲೆಕ್ಕ ಮಾಡೋಣ. ಹೊಸದಾಗಿ ಸೇರಿದ ಚಾಲಕರೊಬ್ಬರು ಹತ್ತು ಸವಾರಿ ಮುಗಿಸಿದ್ದಾರೆ. ಒಂಬತ್ತು ಮಂದಿ ಐದೈದು ಕೊಟ್ಟರು. ಹತ್ತನೆಯವರು ಬೇಸರದಲ್ಲಿ ಒಂದು ಒತ್ತಿದರು. ಒಟ್ಟು 46, ಸರಾಸರಿ 4.6. ಇದನ್ನು 4.8ಕ್ಕೆ ಏರಿಸಬೇಕಾದರೆ ಇನ್ನು ಹತ್ತು ಸವಾರಿಯಲ್ಲಿ ಒಬ್ಬರೂ ಬಿಡದೆ ಐದು ಕೊಡಬೇಕು. 4.9 ಮುಟ್ಟಬೇಕಾದರೆ ಮೂವತ್ತು ಸವಾರಿ. ಬೇಕಿದ್ದರೆ ಪೆನ್ಸಿಲು ಹಿಡಿದು ನೀವೇ ಮಾಡಿ ನೋಡಿ. ಎರಡು ಸೆಕೆಂಡಿನಲ್ಲಿ ಒತ್ತಿದ್ದನ್ನು ತೊಳೆಯಲು ಒಬ್ಬರಿಗೆ ಎರಡು ಮೂರು ದಿನದ ದುಡಿಮೆ ಬೇಕಾಗಬಹುದು. ಊಬರ್‌ನಂಥ ಕಡೆ ಕೊನೆಯ 500 ಅಂಕಗಳ ಸರಾಸರಿ ಹಿಡಿಯುವುದರಿಂದ ಹಳಬರಿಗೆ ಒಂದು ಏಟು ಅಷ್ಟಾಗಿ ನಾಟುವುದಿಲ್ಲ. ಪೆಟ್ಟು ಬೀಳುವುದು ಸಾಲ ಮಾಡಿ ನಿನ್ನೆ ಮೊನ್ನೆ ಗಾಡಿ ಇಳಿಸಿದವರಿಗೆ.

ಕಾರಣ ತಿಳಿಯದೆ ಅಂಕ ಕಳೆದುಕೊಳ್ಳುವ ಈ ಸಂಕಟ ಕಾನೂನು ಮಾಡುವವರ ಕಿವಿಗೂ ಬಿದ್ದಿದೆ. 2025ರಲ್ಲಿ ಕರ್ನಾಟಕವು ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ಅದರಂತೆ, ಗಣಕ ಯಂತ್ರ ಯಾವ ಆಧಾರದ ಮೇಲೆ ಕೆಲಸ ಹಂಚುತ್ತದೆ, ರೇಟಿಂಗ್ ಹೇಗೆ ಎಣಿಸುತ್ತದೆ ಎಂಬುದನ್ನು ಕಂಪನಿ ದುಡಿಯುವವರಿಗೆ ತಿಳಿಸಬೇಕು. ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ ಕಾರಣ ಸಹಿತ 14 ದಿನದ ನೋಟೀಸು ಕೊಡಬೇಕು. ನನ್ನ ಮಗಳು ಮೇಷ್ಟರಿಂದ ಬಯಸಿದ್ದೂ ಇಷ್ಟೇ ಅಲ್ಲವೇ?

ಯಾವುದಕ್ಕೆ ಕಳೆಯಬೇಕು?

ಹಾಗೆಂದು ಕಣ್ಣು ಮುಚ್ಚಿ ಎಲ್ಲರಿಗೂ ಐದು ಒತ್ತಬೇಕೆಂದಲ್ಲ. ಹಾಗೆ ಮಾಡಿದರೆ ಅಂಕಕ್ಕೆ ಬೆಲೆಯೇ ಉಳಿಯುವುದಿಲ್ಲ. ಮುಂದೆ ಆ ಗಾಡಿ ಹತ್ತುವವರು ಇನ್ನೊಬ್ಬರ ಮನೆಯ ಹೆಣ್ಣುಮಗಳು ಎಂಬುದನ್ನು ಮರೆಯಬಾರದು. ಚಾಲಕರ ಕೈಯಲ್ಲಿದ್ದದ್ದು ಯಾವುದು, ಇಲ್ಲದ್ದು ಯಾವುದು ಎಂದು ಮೊದಲು ವಿಂಗಡಿಸಿಕೊಳ್ಳಬೇಕು.

ಮಳೆ, ಟ್ರಾಫಿಕ್ಕು, ಮೆಟ್ರೊ ಕಾಮಗಾರಿಗೆ ಮುಚ್ಚಿದ ರಸ್ತೆ, ಮ್ಯಾಪು ತೋರಿಸಿದ ಸುತ್ತುದಾರಿ, ಕಂಪನಿ ಏರಿಸಿದ ದರ, ಇವು ಯಾವುವೂ ಚಾಲಕರವಲ್ಲ. ದರ ಹೆಚ್ಚಾಯಿತೆಂದು ಅವರ ನಕ್ಷತ್ರ ಕೀಳುವುದು ಟಿಕೆಟ್ ದರ ಏರಿತೆಂದು ಕಂಡಕ್ಟರ್ ಮೇಲೆ ಸಿಟ್ಟಾದಂತೆ. ವಿಪರೀತ ವೇಗ, ಓಡಿಸುತ್ತಲೇ ಫೋನಿನಲ್ಲಿ ವಿಡಿಯೊ ನೋಡುವುದು, ಒರಟು ಮಾತು, ಅರ್ಧ ದಾರಿಯಲ್ಲಿ ಇಳಿಸುವುದು ಅವರವೇ. ಇಂಥಲ್ಲಿ ಅಂಕ ಕಳೆಯಿರಿ. ಕಳೆಯುವಾಗ ಕಾರಣವನ್ನೂ ಬರೆಯಿರಿ.

ಅಸಭ್ಯ ವರ್ತನೆ, ಕುಡಿದು ಓಡಿಸುವುದು, ಹಿಂಬಾಲಿಸುವುದು, ಬೇಡದ ಪ್ರಶ್ನೆ ಕೇಳಿ ಕಾಡುವುದು ನಕ್ಷತ್ರದಲ್ಲಿ ಮುಗಿಸುವ ವಿಷಯಗಳಲ್ಲ. ಒಂದು ನಕ್ಷತ್ರ ಒತ್ತಿದರೆ ದೂರು ಕೊಟ್ಟಂತಾಗುವುದಿಲ್ಲ. ಆಪಿನಲ್ಲಿರುವ ಸುರಕ್ಷತೆಯ ಗುಂಡಿ ಬಳಸಿ ದೂರು ಕೊಡಬೇಕು, ಅಪಾಯ ಎನಿಸಿದರೆ 112ಕ್ಕೆ ಕರೆ ಮಾಡಬೇಕು. ಹೆಣ್ಣುಮಕ್ಕಳಿಗೆ ತಂದೆತಾಯಿ ಹೇಳಿಕೊಡಬೇಕಾದ ಮೊದಲ ಪಾಠ ಇದು. ಇಳಿಯುವಾಗ ಚಾಲಕರು 'ಫೈವ್ ಸ್ಟಾರ್ ಕೊಡಿ ಮೇಡಂ' ಎಂದು ಒತ್ತಾಯಿಸಿದರೆ ಅವರೆದುರೇ ಒತ್ತಬೇಕಾಗಿಲ್ಲ. 'ಆಗಲಿ' ಎಂದು ಇಳಿದು, ಮನೆ ಸೇರಿದ ಮೇಲೆ ಅನ್ನಿಸಿದ್ದನ್ನು ಒತ್ತಬಹುದು. ಊಬರ್‌ನಲ್ಲಿ ಯಾವ ಪ್ರಯಾಣಿಕರು ಎಷ್ಟು ಕೊಟ್ಟರೆಂಬುದನ್ನು ಚಾಲಕರಿಗೆ ತೋರಿಸುವುದಿಲ್ಲ.

'ಮೇಲೆ' ಬೇರೆ, 'ಕಾಫಿಗೆ' ಬೇರೆ

ಇನ್ನು ಟಿಪ್ಸಿನ ಮಾತು. ಬೆಂಗಳೂರಿನ ಕನ್ನಡದಲ್ಲಿ ಇದಕ್ಕೆ ಎರಡು ನುಡಿಗಟ್ಟುಗಳಿವೆ. ಒಂದು, 'ಮೀಟರ್ ಮೇಲೆ ಇಪ್ಪತ್ತು ಕೊಡಿ'. ಇದು ಹತ್ತುವ ಮೊದಲೇ ಕೇಳುವುದು. ಇನ್ನೊಂದು, 'ಇರಲಿ, ಕಾಫಿಗೆ ಇಟ್ಕೊಳ್ಳಿ'. ಇದು ಇಳಿದ ಮೇಲೆ ನಾವಾಗಿ ಹೇಳುವುದು. ದುಡ್ಡು ಒಂದೇ ಇರಬಹುದು. ಮೊದಲನೆಯದು ಷರತ್ತು, ಎರಡನೆಯದು ಮರ್ಯಾದೆ.

ಸರ್ಕಾರ ಗೊತ್ತುಪಡಿಸಿದ ದರ ತಿಳಿದಿದ್ದರೆ ಗೊಂದಲವಿರುವುದಿಲ್ಲ. ಬೆಂಗಳೂರಿನ ಆಟೋ ಮೀಟರಿಗೆ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರ ಪ್ರತಿ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಆ ಹೊತ್ತಿನ 'ಒನ್ ಅಂಡ್ ಹಾಫ್' ನ್ಯಾಯವಾದದ್ದೇ, ಅದು ಟಿಪ್ಸಲ್ಲ.

ಸೋಜಿಗವೆಂದರೆ, ಈ ಹಳೆಯ 'ಮೇಲೆ ಇಪ್ಪತ್ತು' ಹೊಸ ವೇಷದಲ್ಲಿ ಮೊಬೈಲಿನೊಳಗೂ ಬಂತು. ಗಾಡಿ ಬೇಗ ಸಿಗಬೇಕಾದರೆ ಮೊದಲೇ ಇಷ್ಟು ಟಿಪ್ಸ್ ಸೇರಿಸಿ ಎಂದು ಆಪ್ ಕೇಳತೊಡಗಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರು ಇದು ಅನೈತಿಕವೆಂದು ಆಕ್ಷೇಪಿಸಿದರು. ಗ್ರಾಹಕ ರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟೀಸು ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ತನ್ನ ಮಾರ್ಗಸೂಚಿಗೆ ತಿದ್ದುಪಡಿ ತಂದು, ಟಿಪ್ಸ್ ಕೇಳುವುದಿದ್ದರೆ ಪ್ರಯಾಣ ಮುಗಿದ ಮೇಲಷ್ಟೇ ಕೇಳಬೇಕು, ಕೊಟ್ಟದ್ದು ಒಂದು ಪೈಸೆಯೂ ಮುರಿಯದೆ ಚಾಲಕರಿಗೆ ಸೇರಬೇಕು ಎಂದಿತು. ನಮ್ಮ 'ಕಾಫಿಗೆ ಇಟ್ಕೊಳ್ಳಿ' ಎಂಬ ಮಾತಿಗೇ ಸರ್ಕಾರ ಮೊಹರು ಒತ್ತಿದಂತಾಯಿತು.

ಹಾಗಾದರೆ ಎಷ್ಟು ಕೊಡಬೇಕು? ಅಮೆರಿಕದಲ್ಲಿ ಟ್ಯಾಕ್ಸಿಗೆ ಶೇಕಡಾ 15ರಿಂದ 20 ಕೊಡುವ ರೂಢಿಯಿದೆ. ಅಂಥಲ್ಲೂ ಮೊಬೈಲ್ ಟ್ಯಾಕ್ಸಿ ಬಂದ ಮೇಲೆ ಕೈ ಬಿಗಿಯಾಗಿದೆ. ಅರ್ಥಶಾಸ್ತ್ರಜ್ಞರು ಊಬರ್‌ನ ನಾಲ್ಕು ಕೋಟಿ ಸವಾರಿಗಳ ಲೆಕ್ಕ ತೆಗೆದು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟಿಪ್ಸ್ ಬಂದದ್ದು ಸುಮಾರು ಶೇಕಡಾ 16 ಸವಾರಿಗಳಲ್ಲಿ ಮಾತ್ರ. ಹೆಚ್ಚುಕಡಿಮೆ ಶೇಕಡಾ 60 ಮಂದಿ ಒಮ್ಮೆಯೂ ಕೊಟ್ಟಿರಲಿಲ್ಲ. ತಪ್ಪದೆ ಪ್ರತಿ ಸಲವೂ ಕೊಟ್ಟವರು ನೂರಕ್ಕೆ ಒಬ್ಬರು. ಎದುರಿಗೆ ಕೈಯೊಡ್ಡಿ ನಿಂತವರಿಲ್ಲದಿದ್ದರೆ ಮನುಷ್ಯನ ಔದಾರ್ಯ ಎಷ್ಟು ಬೇಗ ಕರಗುತ್ತದೆ ನೋಡಿ!

ನಮ್ಮಲ್ಲಿ ಅಂಥ ಶೇಕಡಾವಾರು ಕಟ್ಟಳೆಯಿಲ್ಲ, ಬೇಕಾಗಿಯೂ ಇಲ್ಲ. ಮನೆಯಿಂದ ಬರುವ ಪಾಕೆಟ್ ಮನಿಯಲ್ಲಿ ತಿಂಗಳು ತಳ್ಳುವ ವಿದ್ಯಾರ್ಥಿ ಟಿಪ್ಸ್ ಕೊಡಲಿಲ್ಲವೆಂದು ಕುಗ್ಗಬೇಕಿಲ್ಲ. 87 ರೂಪಾಯಿ ಆದಾಗ 90 ಕೊಟ್ಟು ಬಂದರೆ ಸಾಕು. ಆದರೆ ಹಾಸ್ಟೆಲಿನ ಮೂರನೇ ಮಹಡಿಗೆ ಟ್ರಂಕು ಹೊತ್ತು ಕೊಟ್ಟವರಿಗೆ, ಮಧ್ಯರಾತ್ರಿ ಆಸ್ಪತ್ರೆಗೆ ಮುಟ್ಟಿಸಿದವರಿಗೆ, ಸೀಟಿನಲ್ಲಿ ಮರೆತ ಫೋನನ್ನು ಹುಡುಕಿಕೊಂಡು ಬಂದು ಕೊಟ್ಟವರಿಗೆ ಬರೀ ಥ್ಯಾಂಕ್ಸು ಸಾಲದು. ಫೋನು ತಂದುಕೊಟ್ಟವರಿಗೆ ಕಡೇಪಕ್ಷ ಬಂದುಹೋದ ದಾರಿಯ ಬಾಡಿಗೆಯನ್ನಾದರೂ ಕೊಡಬೇಕು. ನಗದಾಗಿಯೋ ಚಾಲಕರ ಯುಪಿಐಗೋ ನೇರವಾಗಿ ಕೊಟ್ಟರೆ ನಡುವೆ ಯಾರ ಕೈಯೂ ಬರುವುದಿಲ್ಲ. ಏನೂ ಕೊಡಲಾಗದಿದ್ದಾಗ ಆಪಿನಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯಿರಿ. ಅದಕ್ಕೆ ದುಡ್ಡಿಲ್ಲ.

ಅವರೂ ಅಂಕ ಹಾಕುತ್ತಾರೆ

ಅನೇಕರಿಗೆ ಗೊತ್ತಿಲ್ಲದ ಸಂಗತಿ ಇದು. ನಾವು ಚಾಲಕರಿಗೆ ಕೊಟ್ಟಂತೆ ಅವರೂ ನಮಗೆ ನಕ್ಷತ್ರ ಕೊಡುತ್ತಾರೆ. 2019ರಲ್ಲಿ ಊಬರ್ ಅಮೆರಿಕ ಮತ್ತು ಕೆನಡಾಗಳಲ್ಲಿ ತೀರಾ ಕಡಿಮೆ ಅಂಕದ ಪ್ರಯಾಣಿಕರ ಖಾತೆಯನ್ನೂ ಮುಚ್ಚಬಹುದೆಂದು ಸಾರಿತು. ನಮ್ಮ ಅಂಕ ಎಷ್ಟೆಂದು ಆಪಿನಲ್ಲಿ ನಮ್ಮ ಹೆಸರಿನ ಕೆಳಗೇ ಕಾಣುತ್ತದೆ.

ಅದನ್ನು ಕಾಪಾಡಿಕೊಳ್ಳಲು ದೊಡ್ಡ ವಿದ್ಯೆಯೇನೂ ಬೇಡ. ಗಾಡಿ ಬರುವ ಮೊದಲೇ ಹೇಳಿದ ಜಾಗದಲ್ಲಿ ನಿಂತಿರಿ. ಹೊರಟ ಗಾಡಿಯನ್ನು ಕಾರಣವಿಲ್ಲದೆ ರದ್ದು ಮಾಡಬೇಡಿ, ಅವರು ಸುಟ್ಟ ಪೆಟ್ರೋಲಿಗೂ ಬೆಲೆಯಿದೆ. ಮೂವರ ಆಟೋಗೆ ಐವರು ತುಂಬಿಕೊಳ್ಳಬೇಡಿ. ಸೀಟಿನ ಮೇಲೆ ಮಸಾಲೆಪುರಿ ಚೆಲ್ಲಬೇಡಿ. ಬಾಗಿಲನ್ನು ದಬ್ಬೆಂದು ಬಡಿಯಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ, ತಂದೆಯ ವಯಸ್ಸಿನವರನ್ನು 'ಏನಪ್ಪಾ, ಎಲ್ಲಿದ್ದೀಯಾ' ಎಂದು ಏಕವಚನದಲ್ಲಿ ಮಾತಾಡಿಸಬೇಡಿ. 'ಅಣ್ಣಾ, ಎಲ್ಲಿದ್ದೀರಿ?' ಎಂದರೆ ನಾಲಿಗೆ ಸವೆಯುವುದಿಲ್ಲ.

ಇಷ್ಟೆಲ್ಲ ಬರೆದು ಮಗಳಿಗೆ ಓದಲು ಕೊಟ್ಟೆ. ಓದಿ ಮುಗಿಸಿದವಳು, 'ಅಪ್ಪ, ನಿಮ್ಮ ಫೋನು ಕೊಡಿ' ಎಂದಳು. ಏನೋ ಒತ್ತಿ ತಿರುಗಿಸಿ ತೋರಿಸಿದಳು. ಅವಳ ಅಂಕ 4.9. ನನ್ನದು 4.5.

'ಗಾಡಿ ಬಂದ ಮೇಲೆ ಶೂ ಹಾಕಿಕೊಳ್ಳೋದು ಯಾರು? ಬಾಲ್ಕನಿಯಿಂದ ಬಾಗಿ 'ಎಲ್ಲಿದ್ದೀಯಪ್ಪಾ' ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗೋದು ಯಾರು?'

ನನ್ನಲ್ಲಿ ಉತ್ತರವಿರಲಿಲ್ಲ. ಈಗ ಗಾಡಿ ಕರೆಯುವ ಮೊದಲೇ ಶೂ ಹಾಕಿಕೊಳ್ಳುತ್ತೇನೆ. ಅಂಕ ಇನ್ನೂ 4.5ರಲ್ಲೇ ಇದೆ. ಏರಲು ಹೊತ್ತು ಹಿಡಿಯುತ್ತದೆ. ಲೆಕ್ಕ ನನಗೆ ಗೊತ್ತಿದೆ.