ಎಣ್ಣಿ, ಮದಗುಣಕಿ ಮತ್ತು ಮಸ್ಕರಿನಿಕ್ ಗ್ರಾಹಿಗಳು

ಕೂಡ್ಲಿಗಿ, ಕೊಟ್ಟೂರು ಕಡೆಯ ಉಳ್ಳಾಗಡ್ಡಿ, ಹರಪನಹಳ್ಳಿಯ ಮೆಕ್ಕೆಜೋಳ, ಹಗರಿಬೊಮ್ಮನಹಳ್ಳಿಯ ದಾಳಿಂಬೆ, ಹಡಗಲಿಯ ಮಲ್ಲಿಗೆ: ಬೆಳೆ ಯಾವುದಾದರೂ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣಿ (ಕೀಟನಾಶಕ) ಹೊಡೆಯುವ ಕೆಲಸ ತಪ್ಪಿದ್ದಲ್ಲ. ಬರಿಗೈಲಿ ಬೆರೆಸಿ, ಗಾಳಿಗೆ ಎದುರಾಗಿ, ತೊಯ್ದ ಅಂಗಿಯಲ್ಲೇ ಮಧ್ಯಾಹ್ನದತನಕ ಹೊಡೆದವನಿಗೆ ತಲೆ ತಿರುಗುತ್ತದೆ, ಬಾಯಿ ತುಂಬ ನೀರೂರುತ್ತದೆ, ಕಣ್ಣು ಮಂಜಾಗುತ್ತದೆ, ಹೊಟ್ಟೆ ಹಿಂಡುತ್ತದೆ. ಮನೆಯವರು ಬಿಸಿಲು ಬಡಿದಿದೆ ಎಂದುಕೊಳ್ಳುತ್ತಾರೆ. ಆದರೆ ಬಿಸಿಲು ಬಡಿದವನ ಬಾಯಿ ಒಣಗಿರುತ್ತದೆ. ಇವನದು ಜೊಲ್ಲು ಸುರಿಸುತ್ತದೆ. ಇಷ್ಟನ್ನು ಗಮನಿಸಿದರೆ ಅರ್ಧ ರೋಗ ಅಂಗಳದಲ್ಲೇ ಗೊತ್ತಾದಂತೆ.

ಈ ನೀರೆಲ್ಲ ಎಲ್ಲಿಂದ ಬಂತು? ನರದ ತುದಿಯಿಂದ ಅಂಗಗಳಿಗೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. 1914ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಅದರ ಕೆಲಸದಲ್ಲಿ ಎರಡು ಬಗೆ ಗುರುತಿಸಿದರು: ಒಂದು ಅಣಬೆಯ ವಿಷವಾದ ಮಸ್ಕರಿನ್ ಮಾಡುವಂಥದ್ದು, ಇನ್ನೊಂದು ತಂಬಾಕಿನ ನಿಕೋಟಿನ್ ಮಾಡುವಂಥದ್ದು. 1921ರಲ್ಲಿ ಆಸ್ಟ್ರಿಯಾದ ಓಟೊ ಲೋವಿ ಒಂದು ಕಪ್ಪೆಯ ಹೃದಯಕ್ಕೆ ಹೋಗುವ ನರವನ್ನು ಕೆರಳಿಸಿ ಅದರ ಬಡಿತ ತಗ್ಗಿಸಿದರು. ಅದನ್ನು ನೆನೆಸಿಟ್ಟಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಯಿತು. ಇಬ್ಬರಿಗೂ 1936ರಲ್ಲಿ ನೊಬೆಲ್ ಬಂತು.

ಮಸ್ಕರಿನ್‌ಗೆ ಓಗೊಡುವ, ಅಂಗಗಳಲ್ಲಿ ಆ ಸುದ್ದಿ ಹಿಡಿಯುವ ಗ್ರಾಹಿಗಳಲ್ಲಿ (ಮಸ್ಕರಿನಿಕ್ ಗ್ರಾಹಿಗಳು) ಎಂ1ರಿಂದ ಎಂ5ರವರೆಗೆ ಐದು ಬಗೆ. ಹೃದಯದ ಬಡಿತ ತಗ್ಗಿಸುವುದು ಎಂ2. ಜೊಲ್ಲು, ಬೆವರು, ಶ್ವಾಸನಾಳದ ಲೋಳೆ, ಕರುಳಿನ ಸೆಳೆತ, ಮೂತ್ರಕೋಶದ ಹಿಂಡಿಕೆ, ಕಣ್ಣಪಾಪೆ ಕಿರಿದಾಗುವುದು, ಇವೆಲ್ಲ ಹೆಚ್ಚಾಗಿ ಎಂ3ರ ಕಾರಭಾರ. ಎಂ1 ಮತ್ತು ಎಂ4 ಮುಖ್ಯವಾಗಿ ಮಿದುಳಿನಲ್ಲಿವೆ. ಸುದ್ದಿ ಮುಟ್ಟಿದ ಕೂಡಲೇ ಅಸಿಟೈಲ್‌ಕೋಲಿನನ್ನು ಒಡೆದುಹಾಕಲು ಒಂದು ಕಿಣ್ವವಿದೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಮೊನೊಕ್ರೊಟೊಫಾಸ್‌ನಂಥ ಎಣ್ಣಿಗಳು ಆ ಕಿಣ್ವಕ್ಕೇ ಅಂಟಿಕೊಂಡು ಅದರ ಕೈ ಕಟ್ಟುತ್ತವೆ. ಆಮೇಲೆ ಕೆರೆಯ ತೂಬು ತೆರೆದು ಮುಚ್ಚುವವನೇ ಇಲ್ಲದ ಸ್ಥಿತಿ.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ, 17 ಜನ ತೀರಿಕೊಂಡರು. ಪ್ರಸಾದದಲ್ಲಿ ಬೆರೆತಿದ್ದದ್ದು ಮೊನೊಕ್ರೊಟೊಫಾಸ್. ತರಕಾರಿಗೆ ಅದನ್ನು ಹೊಡೆಯಬಾರದೆಂದು ಸರ್ಕಾರ 2005ರಲ್ಲೇ ನಿಷೇಧಿಸಿತ್ತು. ಬಾಯಲ್ಲಿ ನೊರೆ ಕಂಡರೆ ಜನ ವಿಷವೆಂದು ಗುರುತಿಸುತ್ತಾರೆ, ಸರಿಯೇ. ಆದರೆ ಜೀವಕ್ಕೆ ಕುತ್ತು ತರುವುದು ಬಾಯಿಯ ನೊರೆಯಲ್ಲ, ಕಣ್ಣಿಗೆ ಕಾಣದೆ ಎದೆಯೊಳಗೆ ತುಂಬುವ ಅದೇ ನೀರು.

ಅದಕ್ಕೇ ಡಾಕ್ಟರು ಕೈಗೆತ್ತಿಕೊಳ್ಳುವ ಮೊದಲ ಔಷಧಿ ಅಟ್ರೊಪಿನ್. ಅದು ಮಸ್ಕರಿನಿಕ್ ಗ್ರಾಹಿಯ ಮೇಲೆ ತಾನೇ ಕೂತು ಅಸಿಟೈಲ್‌ಕೋಲಿನ್‌ಗೆ ಜಾಗ ಬಿಡುವುದಿಲ್ಲ. ಒಂದು ಇಂಜೆಕ್ಷನ್ ಚುಚ್ಚಿ ಸುಮ್ಮನಾಗುವ ಚಿಕಿತ್ಸೆಯಲ್ಲ ಇದು. ಐದೈದು ನಿಮಿಷಕ್ಕೆ ಪ್ರಮಾಣ ದುಪ್ಪಟ್ಟು ಮಾಡುತ್ತ ಹೋಗುತ್ತಾರೆ. ಸ್ಟೆತಸ್ಕೋಪಿಗೆ ಎದೆಯ ಗೊರಗೊರ ಕೇಳದಾಗಬೇಕು, ನಾಡಿ ನಿಮಿಷಕ್ಕೆ 80 ದಾಟಬೇಕು, ಬೀಪಿ ಏರಬೇಕು. ಕಂಕುಳಿಗೆ ಕೈಯಿಟ್ಟು ಬೆವರು ಆರಿತೇ ಎಂದೂ ನೋಡುತ್ತಾರೆ. ಕಣ್ಣಪಾಪೆ ಅಗಲವಾಗಲಿಲ್ಲವೆಂದು ಗಾಬರಿಪಡುವುದು ಬೇಡ, ಅದು ತಡವಾಗಿಯೂ ಅಗಲವಾಗಬಹುದು.

ಆಸ್ಪತ್ರೆ ಮುಟ್ಟುವತನಕ ಮನೆಯವರು ಮಾಡಬೇಕಾದ್ದು ಸ್ವಲ್ಪವೇ. 108ಕ್ಕೆ ಫೋನ್ ಮಾಡಿ, ಬಟ್ಟೆ ಕಳಚಿ, ಮೈ ತಲೆಗೂದಲನ್ನು ಸೋಪುನೀರಿನಿಂದ ತೊಳೆದು, ಮಗ್ಗುಲಾಗಿ ಮಲಗಿಸಬೇಕು. ತೊಳೆಯುವವರು ಬರಿಗೈಲಿ ಮುಟ್ಟಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಅಪಾಯ. ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಣ್ಣಿಯ ಡಬ್ಬಿಯನ್ನು ಜೊತೆಗೇ ಒಯ್ಯಿರಿ, ಏಕೆಂದರೆ ಎಲ್ಲ ಕೀಟನಾಶಕಕ್ಕೂ ಅಟ್ರೊಪಿನ್ ಉತ್ತರವಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅಟ್ರೊಪಿನ್ ಸಂಭಾಳಿಸುವುದು ಮಸ್ಕರಿನಿಕ್ ಗ್ರಾಹಿಗಳನ್ನು ಮಾತ್ರ. ಸ್ನಾಯುಗಳಲ್ಲಿರುವ ನಿಕೋಟಿನಿಕ್ ಗ್ರಾಹಿಗಳ ಮೇಲೆ ಅದರ ಆಟ ನಡೆಯದು. "ಎದ್ದು ಕುಂತಾನ, ಇನ್ನೇನು ಭಯ ಇಲ್ಲ" ಎಂದು ಎರಡನೇ ದಿನಕ್ಕೇ ಮನೆಗೆ ಕರೆದೊಯ್ದವರುಂಟು. ವಿಷ ಏರಿದ ಒಂದರಿಂದ ನಾಲ್ಕು ದಿನಗಳ ನಡುವೆ ಕುತ್ತಿಗೆ ಸೋತು, ದಿಂಬಿನಿಂದ ತಲೆ ಎತ್ತಲಾಗದೆ, ಉಸಿರಾಟದ ಸ್ನಾಯುಗಳೂ ಕೈಕೊಡಬಹುದು. ಆಗ ಉಳಿಸುವುದು ವೆಂಟಿಲೇಟರ್ ಒಂದೇ. ತಾಲೂಕು ಆಸ್ಪತ್ರೆಯವರು ಬಳ್ಳಾರಿಗೋ ದಾವಣಗೆರೆಗೋ ಬರೆದುಕೊಡುವುದಕ್ಕೆ ಇದೂ ಒಂದು ಕಾರಣ.

ಅಟ್ರೊಪಿನ್ ಹೆಚ್ಚಾದರೆ ಚಿತ್ರ ತಿರುವುಮುರುವು. ಬಾಯಿ ಒಣಗಿ, ಮೈ ಕಾದು, ಹೊಟ್ಟೆ ಉಬ್ಬರಿಸಿ, ರೋಗಿ ಬಡಬಡಿಸುತ್ತ ಡ್ರಿಪ್ಪಿನ ನಳಿಗೆ ಕಿತ್ತೊಗೆಯಲು ನೋಡುತ್ತಾನೆ. ಇದೇ ರೂಪವನ್ನು ಮದಗುಣಕಿ ತಿಂದವರಲ್ಲಿ ನೋಡಬಹುದು. ತಿಪ್ಪೆಯ ಬದಿಯಲ್ಲಿ ಬೆಳೆಯುವ, ಶಿವನಿಗೆ ಹೂವೇರಿಸುವ ಆ ಗಿಡದ ಮುಳ್ಳುಕಾಯಿಯ ಬೀಜದಲ್ಲಿ ಅಟ್ರೊಪಿನ್, ಸ್ಕೋಪೊಲಮಿನ್ ಎರಡೂ ಇವೆ. ಕಣ್ಣಪಾಪೆ ಅಗಲ, ಮೂತ್ರ ಬಂದ್, ಗಾಳಿಯಲ್ಲಿ ಏನನ್ನೋ ಹೆಕ್ಕುವ ಕೈ. ಹಾಗೆಂದು ಎಣ್ಣಿ ಏರಿದವನಿಗೆ ಮದಗುಣಕಿ ಅರೆದು ಕುಡಿಸುವುದು ಶುದ್ಧ ಹುಚ್ಚುತನ: ಯಾವ ಕಾಯಿಯಲ್ಲಿ ಎಷ್ಟಿದೆಯೆಂದು ಯಾರೂ ಅಳೆಯಲಾರರು.

ಇಷ್ಟು ಉಗ್ರವಲ್ಲದ ಉದಾಹರಣೆಗಳು ದಿನಬಳಕೆಯಲ್ಲೇ ಇವೆ. ಅಡಿಕೆ ಸೊಕ್ಕಿ ಬೆವರಿ ತಲೆ ತಿರುಗುವುದು ಅದರೊಳಗಿನ ಅರೆಕೊಲಿನ್ ಇವೇ ಗ್ರಾಹಿಗಳನ್ನು ಎಬ್ಬಿಸುವುದರಿಂದ. ಬೀಡಿಯಿಂದ, ಒಲೆಯ ಹೊಗೆಯಿಂದ ಕೆಟ್ಟ ಶ್ವಾಸನಾಳವನ್ನು ಟಯೊಟ್ರೋಪಿಯಂ ಇನ್ಹೇಲರ್ ಸಡಿಲಿಸುವುದು ಎಂ3ನ್ನು ತಡೆದು. ಎಂ1, ಎಂ4ನ್ನು ಎಬ್ಬಿಸುವ ಕ್ಸಾನೊಮೆಲಿನ್ ಎಂಬ ಔಷಧಕ್ಕೆ 2024ರಲ್ಲಿ ಅಮೆರಿಕ ಸ್ಕಿಜೋಫ್ರೇನಿಯಾ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟಿತು. ಹೊಟ್ಟೆಯ ತಳಮಳ ತಪ್ಪಿಸಲೆಂದು ಅದರ ಜೊತೆ ಮಿದುಳಿಗೆ ಹೆಚ್ಚು ಹೋಗದ ಟ್ರೋಸ್ಪಿಯಂ ಎಂಬ ತಡೆಯನ್ನೂ ಸೇರಿಸಿದ್ದಾರೆ.

ಮನೆಯ ಹಿರಿಯರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನೆಗಡಿಗೆ ಅಂಗಡಿಯಲ್ಲಿ ಕೇಳಿ ತರುವ ಕ್ಲೋರ್‌ಫೆನಿರಮಿನ್, ನಿದ್ದೆಗೋ ನರನೋವಿಗೋ ಕೊಟ್ಟ ಅಮಿಟ್ರಿಪ್ಟಿಲಿನ್, ಇವೂ ಮಸ್ಕರಿನಿಕ್ ಗ್ರಾಹಿಗಳಿಗೆ ಅಡ್ಡಿ ಮಾಡುವಂಥವೇ. ಪ್ರಾಸ್ಟೇಟ್ ದಪ್ಪಗಾದ ಅಜ್ಜನಿಗೆ ಒಂದೇ ರಾತ್ರಿಯಲ್ಲಿ ಮೂತ್ರ ಕಟ್ಟಬಹುದು, ಚೆನ್ನಾಗಿದ್ದ ಅಜ್ಜಿ ಮನೆಯವರ ಗುರುತು ತಪ್ಪಬಹುದು. ಅರಳುಮರಳು ಎಂದು ಷರಾ ಬರೆಯುವ ಮೊದಲು ಅವರು ನುಂಗುತ್ತಿರುವ ಮಾತ್ರೆಯ ಹಾಳೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಒಂದು ಮಾತ್ರೆ ನಿಲ್ಲಿಸಿದರೆ ಸಾಕಾಗುತ್ತದೆ.