ಆಟಿಯಲ್ಲಿ ಬಾಗಿಲು ಬಿಗಿದರೆ ಮರ ಕೆಟ್ಟಿತೇ?

ಆಟಿ ತಿಂಗಳು ಬಂತೆಂದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಹಳೆಯ ಮನೆಗಳಲ್ಲಿ ಬಾಗಿಲು ಚೌಕಟ್ಟಿಗೆ ಬಿಗಿಯುತ್ತದೆ, ಮುಚ್ಚಿಗೆಯ ಹಲಗೆಗೆ ಬೂಸ್ಟು ಹಿಡಿಯುತ್ತದೆ. ‘ಈ ಊರಿನ ಥಂಡಿಗೆ ಮರ ಬಾಳುವುದಿಲ್ಲ, ಕಾಂಕ್ರೀಟೇ ಸರಿ’ ಎಂಬ ಮಾತು ಹುಟ್ಟುವುದೂ ಆಗಲೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಅದು ನಿಜವೆಂದೇ ತೋರುತ್ತದೆ. ಆದರೆ ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರಿ ಕುಂಜರ, ಪಂಚನಾರಿ ತುರಗ ಕೆತ್ತಿದ ಮರದ ಕಂಬಗಳು ಇದೇ ಥಂಡಿಯಲ್ಲಿ ನೂರಾರು ಮಳೆಗಾಲ ಕಳೆದಿವೆ.

ಮರವನ್ನು ಕುಂಬು ಮಾಡುವುದು ಶಿಲೀಂಧ್ರ. ಅದು ಚೆನ್ನಾಗಿ ಬೆಳೆಯಬೇಕಾದರೆ ಮರದೊಳಗೆ ಅದರ ಒಣತೂಕದ ಶೇ. 28-30ಕ್ಕಿಂತ ಹೆಚ್ಚು ನೀರಿರಬೇಕು. ಗಾಳಿಯ ಆರ್ದ್ರತೆ ಶೇ. 90ಕ್ಕೇರಿದರೂ ಸೂರಿನಡಿಯ ಮರ ಹೀರಿಕೊಳ್ಳುವುದು ಸುಮಾರು ಶೇ. 20ರಷ್ಟೇ. ಉಳಿದದ್ದು ಬರಬೇಕಾದರೆ ನೀರೇ ತಾಗಬೇಕು: ಒಡೆದ ಹಂಚಿನಿಂದ ಪಕ್ಕಾಸಿಗೆ ಇಳಿಯುವ ಹನಿ, ಮುರಕಲ್ಲಿನ ಗೋಡೆಯಿಂದ ತೊಲೆಯ ತುದಿಗೆ ಹತ್ತುವ ಪಸೆ. ಬೂಸ್ಟು ಮೇಲ್ಮೈಯಲ್ಲಷ್ಟೇ ಬದುಕುತ್ತದೆ. ಒರೆಸಿ ಗಾಳಿಗೆ ಬಿಟ್ಟರೆ ಮರದ ಬಲಕ್ಕೇನೂ ಕುಂದಿಲ್ಲ.

ಬಾಗಿಲು ಬಿಗಿಯುವುದೂ ಕೆಟ್ಟ ಮರದ ಗುರುತಲ್ಲ. ಒಳ್ಳೆಯ ಸಾಗುವಾನಿಯ 30 ಸೆಂಟಿಮೀಟರ್ ಅಗಲದ ಹಲಗೆಯೂ ಅದರ ತೇವ ಶೇ. 12ರಿಂದ 18ಕ್ಕೇರಿದಾಗ ಸುಮಾರು 3 ಮಿಲಿಮೀಟರ್ ಅಗಲವಾಗುತ್ತದೆ. ಉದ್ದದಲ್ಲಿ ಮಾತ್ರ ಬದಲಾವಣೆ ಇಲ್ಲವೆಂಬಷ್ಟು ಕಡಿಮೆ. ಹಳೆಯ ಆಚಾರಿಗಳು ಬಾಗಿಲಿನ ಹಲಗೆಯನ್ನು ಅಂಟು ಹಾಕಿ ಬಂಧಿಸದೆ ಚೌಕಟ್ಟಿನ ಗಾಡಿಯೊಳಗೆ ಸಡಿಲವಾಗಿ ಕೂರಿಸುತ್ತಿದ್ದುದು ಈ ಓಡಾಟಕ್ಕೆ ಜಾಗ ಬಿಡಲೆಂದೇ. ಜುಲೈಯಲ್ಲಿ ಬಿಗಿದ ಬಾಗಿಲಿಗೆ ಉಳಿ ಹಾಕಿಸಿದವರ ಮನೆಯಲ್ಲಿ ಫೆಬ್ರವರಿಗೆ ಸಂದಿ ಬಿಟ್ಟಿರುತ್ತದೆ.

ಕಿಟಕಿಗಳನ್ನು ಭದ್ರವಾಗಿ ಮುಚ್ಚಿದರೆ ಥಂಡಿ ಒಳಬರುವುದಿಲ್ಲ ಎಂಬ ನಂಬಿಕೆ ಇನ್ನೂ ಗಟ್ಟಿ. ಆದರೆ ಕುಚ್ಚಲಕ್ಕಿ ಬೇಯುವ ಹಬೆ, ಬಚ್ಚಲಿನ ಬಿಸಿನೀರು, ಚಾವಡಿಯ ಹಗ್ಗಕ್ಕೆ ಹರವಿದ ಒದ್ದೆ ಬಟ್ಟೆ, ಜನರ ಉಸಿರು ಎಲ್ಲವೂ ಒಳಗೇ ತೇವ ಹುಟ್ಟಿಸುತ್ತವೆ. ಅದಕ್ಕೆ ಹೊರದಾರಿ ಬೇಕು. ಮೊದಲು ಹಂಚಿನ ಸಂದಿಗಳೇ ಆ ದಾರಿಯಾಗಿದ್ದವು, ಜೊತೆಗೆ ಸೌದೆ ಒಲೆಯ ಕಾವೂ ಇತ್ತು. 25 ಡಿಗ್ರಿಯ, ಶೇ. 90 ಆರ್ದ್ರತೆಯ ಗಾಳಿ 30 ಡಿಗ್ರಿಗೆ ಬೆಚ್ಚಗಾದರೆ ಸಾಕು, ಒಂದು ಹನಿ ನೀರೂ ಹೊರಹೋಗದೆ ಆರ್ದ್ರತೆ ಶೇ. 67ರ ಆಸುಪಾಸಿಗೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟ ಮಳೆಗಾಲದಲ್ಲೂ ಒಣಗಿರುತ್ತಿದ್ದ ಗುಟ್ಟು ಇದು. ಗ್ಯಾಸ್ ಬಂದು ಹೊಗೆಯ ಕಾಟ ತಪ್ಪಿದ್ದು ಹೆಂಗಸರ ಕಣ್ಣಿಗೆ, ಶ್ವಾಸಕೋಶಕ್ಕೆ ದೊಡ್ಡ ಉಪಕಾರ. ಆದರೆ ಅಟ್ಟದ ಕಾವೂ ಹೋಯಿತು. ಅಂಥ ಮನೆಯಲ್ಲಿ ಸಂದಿಗಳನ್ನೂ ಮುಚ್ಚಿ ಫಾಲ್ಸ್ ಸೀಲಿಂಗ್ ಹೊಡೆಸಿದರೆ ಪಕ್ಕಾಸಿಗೆ ಗಾಳಿಯೂ ಇಲ್ಲ, ಸೋರಿದ್ದು ಕಣ್ಣಿಗೂ ಬೀಳುವುದಿಲ್ಲ.

‘ಮರ ಉಸಿರಾಡುತ್ತದೆ, ತೇವವನ್ನು ಅದೇ ಸರಿಮಾಡಿಕೊಳ್ಳುತ್ತದೆ’ ಎನ್ನುವುದು ಅರ್ಧ ಸತ್ಯ. ಅಡುಗೆಯ ಹೊತ್ತಿನ ಹಬೆಯನ್ನು ಹೀರಿ ಆಮೇಲೆ ಬಿಟ್ಟುಕೊಡುವುದು ಅದಕ್ಕೆ ಸಾಧ್ಯ. ನಾಲ್ಕು ತಿಂಗಳ ಮಳೆಯನ್ನು ತಡೆಯುವುದು ಸಾಧ್ಯವಿಲ್ಲ.

ಒಮ್ಮೆ ನೆನೆದ ಮರ ಮುಗಿದಂತೆ ಎಂಬ ಭಯವೂ ಸುಳ್ಳೇ. 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಮುಳುಗಿತ್ತು. ಅಂಥ ನೆರೆಯಲ್ಲಿ ನೆನೆದ ಗಟ್ಟಿಮರ ನೆರಳಲ್ಲಿ, ಗಾಳಿಗೆ ನಿಧಾನವಾಗಿ ಒಣಗಿದರೆ ಕಳೆದ ಬಲ ಬಹುಮಟ್ಟಿಗೆ ಮರಳುತ್ತದೆ. ಅವಸರಕ್ಕೆ ಅದರ ಮೇಲೆ ಪೇಂಟ್ ಬಳಿದರೆ ಮಾತ್ರ ನೀರು ಒಳಗೇ ಉಳಿಯುತ್ತದೆ. ಒಣಮರಕ್ಕೆ ಬಳಿದ ದಪ್ಪ ಪೇಂಟ್ ಕೂಡ ಬಿರುಕು ಬಿಟ್ಟ ಮೇಲೆ ಇದನ್ನೇ ಮಾಡುತ್ತದೆ.

ಈಗ ಹೆಚ್ಚು ನಷ್ಟವಾಗುತ್ತಿರುವುದು ರಿಪೇರಿಯಲ್ಲೇ. ಹಳೆಯ ಜಗಲಿಯ ಕಂಬಗಳು ಕಲ್ಲಿನ ಪೀಠದ ಮೇಲೆ ನಿಲ್ಲುತ್ತಿದ್ದವು. ನೆಲದ ನೀರು ಬುಡಕ್ಕೆ ಮುಟ್ಟುತ್ತಿರಲಿಲ್ಲ. ಟೈಲ್ಸ್ ಹಾಕಲು ನೆಲವನ್ನು ನಾಲ್ಕು ಇಂಚು ಎತ್ತರಿಸಿದಾಗ ಪೀಠ ಹೂತು, ಕಂಬದ ಬುಡ ಸಿಮೆಂಟಿನೊಳಗೆ ಸಿಕ್ಕಿಕೊಳ್ಳುತ್ತದೆ. ತೊಳೆದ ನೀರು, ಇರಚಲು ಅಲ್ಲೇ ನಿಲ್ಲುತ್ತವೆ, ಬುಡದ ಅಡ್ಡಕೊಯ್ದ ಮುಖ ಅದನ್ನು ಮೇಲಕ್ಕೆಳೆಯುತ್ತದೆ, ಗೆದ್ದಲಿಗೆ ಮಣ್ಣಿನಿಂದ ಮರೆಯ ದಾರಿಯೂ ಸಿಗುತ್ತದೆ. ನೆಲ ಎತ್ತರಿಸಲೇಬೇಕಿದ್ದರೆ ಮೊದಲು ಕಂಬಕ್ಕೆ ಹೊಸ, ಎತ್ತರದ ಕಲ್ಲು ಕೊಡಿಸಬೇಕು, ಟೈಲ್ಸ್ ಆಮೇಲೆ.