ಗುಲಾಬಿ ಚಡ್ಡಿಯ ಪಾರ್ಸೆಲ್

2009ರ ಜನವರಿ 24. ಮಂಗಳೂರಿನ ಪಬ್‌ಗೆ ನುಗ್ಗಿ ಯುವತಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೇ ಟಿ.ವಿಯಲ್ಲಿ ನೋಡಿತು. ಆಗಿನ್ನೂ ಇನ್‌ಸ್ಟಾಗ್ರಾಂ ಹುಟ್ಟಿರಲಿಲ್ಲ. ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್‌ನಲ್ಲಿ ಗುಂಪು ಕಟ್ಟಿದರು. ಹೆಸರೇನು ಗೊತ್ತೆ? ‘ಪಬ್‌ಗೆ ಹೋಗುವ, ಚೆಲ್ಲುಚೆಲ್ಲಾದ, ಮುಂದುವರಿದ ಹೆಂಗಸರ ಒಕ್ಕೂಟ’ ಎಂಬರ್ಥದ್ದು! ಪ್ರೇಮಿಗಳ ದಿನಾಚರಣೆ ತಡೆಯುತ್ತೇವೆ ಎಂದಿದ್ದ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್ ಅವರಿಗೆ ಗುಲಾಬಿ ಚಡ್ಡಿ ಕಳಿಸೋಣ ಎಂದರು. ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಸೇರಿದರು. ‘ಇದೆಂಥ ಹೋರಾಟ’ ಎಂದು ಮೂಗು ಮುರಿದವರಲ್ಲಿ ಸ್ತ್ರೀವಾದಿಗಳೂ ಇದ್ದರು. ನನಗಂತೂ ಇಷ್ಟ. ಬೈಗುಳವನ್ನೇ ಬಿರುದು ಮಾಡಿಕೊಂಡು ನಕ್ಕ ಆ ಧೈರ್ಯ ಇಂದಿನ ಮೀಮ್‌ಗಳ ಅಜ್ಜಿ.

2018ರ ಮಾರ್ಚ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಆರೋಪಿಗಳನ್ನು ಖುಲಾಸೆ ಮಾಡಿತು. ಚಡ್ಡಿಯ ಕತೆ ನನ್ನ ಗೆಳತಿಯರಿಗೆಲ್ಲ ಗೊತ್ತು. ತೀರ್ಪಿನ ಬಗ್ಗೆ ಕೇಳಿದರೆ, ‘ಕೇಸ್ ಇನ್ನೂ ನಡೀತಿದೆಯಲ್ವಾ?’ ಅನ್ನುತ್ತಾರೆ.